ಮೂವತ್ತೈದು ದಿವಸದ ಬಾತು

ಹಿಂದಿನ ಸಂಚಿಕೆಯಲ್ಲಿ ಹೀರೇಕಾಯಿ ಬೆಳೆಯ ಫಜೀತಿಯನ್ನು ಬರೆಯುವಾಗ, ಬಸವನಹುಳುಗಳ ಕಾಟಕ್ಕಾಗಿ ಬಾತುಗಳನ್ನು ತಂದೆವೆಂದು ಒಂದು ಮಾತು ಹೇಳಿ ಮುಂದಕ್ಕೆ ಹೋಗಿದ್ದೆವು. ನಾಡಹಬ್ಬದ ಕೂಟದಲ್ಲಿ ನಾಲ್ಕು ಜನ ವಾಚಕರು ನಮ್ಮನ್ನು ಅಡ್ಡಗಟ್ಟಿದರು. ಹೀರೇಕಾಯಿಯ ಬಗ್ಗೆ ಒಬ್ಬರೂ ಕೇಳಲಿಲ್ಲ, ಎಲ್ಲರದೂ ಒಂದೇ ಪ್ರಶ್ನೆ: "ಬಾತುಗಳು ಏನಾದವು?" ಹೇಳುವುದಕ್ಕೆ ಸ್ವಲ್ಪ ಸಂಕೋಚವಿದೆ. ಆದರೂ ಹೇಳುತ್ತೇವೆ.

ಮುಳಶಿ ತಾಲೂಕಿನಲ್ಲಿ ನಮ್ಮ ಭಾವಮೈದುನನ ಇಪ್ಪತ್ತು ಗುಂಟೆ ಜಮೀನು ಇರುವ ಸಂಗತಿ ನಮ್ಮ ವಾಚಕರಿಗೆ ಹೊಸದಲ್ಲ. ಆತ ಪರದೇಶದಲ್ಲಿದ್ದಾನೆ, ಒಡೆತನ ಅವನದು, ರವಿವಾರದ ದಗದ ನಮ್ಮದು. ಮಳೆಗಾಲದಲ್ಲಿ ಅಲ್ಲಿ ಬಸವನಹುಳು ಎಷ್ಟೆಂದರೆ ಮುಂಜಾನೆ ಚಪ್ಪಲಿ ಮೆಟ್ಟುವ ಮೊದಲು ಕೊಡವಿ ನೋಡಬೇಕು. ಬಾತು ಸಾಕಿರಿ, ಹುಳು ತಿನ್ನುತ್ತವೆ, ನೊಣವನ್ನೂ ಹಿಡಿಯುತ್ತವೆ ಎಂದು ಕಚೇರಿಯ ಸ್ನೇಹಿತರೊಬ್ಬರು ಹೇಳಿದರು. 2024ರ ದೀಪಾವಳಿ ಮುಗಿದ ಮೇಲೆ ಎರಡು ಗಂಡು, ಮೂರು ಹೆಣ್ಣು ಕೊಂಡು ತಂದೆವು. ಮಾರಿದವನು ಅವು 'ಮಸ್ಕೋವಿ' ಜಾತಿಯವು ಎಂದ. ನಾವು ಬಿ.ಎ.ಗೆ ಇತಿಹಾಸ ಓದಿದವರು. ಮಸ್ಕೋವಿ ಎಂದರೆ ರಷ್ಯದ ಹಳೆಯ ಹೆಸರಲ್ಲವೇ! ಮಾಸ್ಕೋದ ಹಿಮದಲ್ಲಿ ಬೆಳೆದ ಪಕ್ಷಿಗೆ ಸಹ್ಯಾದ್ರಿಯ ಸೆಕೆ ತಡೆದೀತೇ ಎಂದು ಎರಡು ದಿವಸ ಚಿಂತಿಸಿದೆವು. ಚಿಂತೆ ವ್ಯರ್ಥವಾಯಿತು. ಇದಕ್ಕೂ ಮಾಸ್ಕೋಗೂ ಯಾವ ನಂಟೂ ಇಲ್ಲ. ಇದು ಮೆಕ್ಸಿಕೋದಿಂದ ದಕ್ಷಿಣ ಅಮೇರಿಕದವರೆಗಿನ ಕಾಡುಗಳ ಹಕ್ಕಿ. ಕೊಲಂಬಸ್ ಹಡಗು ಹತ್ತುವ ಎಷ್ಟೋ ಮುಂಚೆಯೇ ಅಲ್ಲಿಯ ಮೂಲನಿವಾಸಿಗಳು ಇದನ್ನು ಸಾಕಿದ್ದರು. 1758ರಲ್ಲಿ ಲಿನೇಯಸ್ ಪಂಡಿತ ಇದಕ್ಕೆ ಕಸ್ತೂರಿಯ ಅರ್ಥ ಬರುವ ಲ್ಯಾಟಿನ್ ಹೆಸರಿಟ್ಟ. ನಮ್ಮ ಮೂಗಿಗಂತೂ ಆ ಕಸ್ತೂರಿ ಇನ್ನೂ ಹತ್ತಿಲ್ಲ.

ನೋಡಲು ಚಂದದ ಹಕ್ಕಿಯೆಂದು ಹೇಳಲಾರೆವು. ಗಂಡಿನ ಮುಖದ ಮೇಲೆ ಕೆಂಪು ಗಂಟುಗಂಟು ಚರ್ಮ. ತೂಕ ಐದು ಕಿಲೋದ ಆಸುಪಾಸು. ಹೆಣ್ಣು ಅದರ ಅರ್ಧ. ಕ್ವಾಕ್ ಕ್ವಾಕ್ ಎಂಬ ಗದ್ದಲವೇ ಇಲ್ಲ. ಗಂಡು ತಲೆಯ ಮೇಲಿನ ಜುಟ್ಟು ನಿಮಿರಿಸಿ ಬುಸ್ ಎನ್ನುತ್ತದೆ, ಹೆಣ್ಣು ಮೆಲ್ಲಗೆ ಗುನುಗುತ್ತದೆ, ಅಷ್ಟೆ. ಜಮೀನು ನೋಡಿಕೊಳ್ಳುವ ಮಾಮಾ ಮೊದಲನೆಯ ದಿವಸವೇ, "ಸಾಹೇಬ, ಹೀ ಬದಕಂ ಮುಕೀ ಆಹೇತ ಕಾ?" ಎಂದು ಕೇಳಿದ, ಮೂಕ ಬಾತುಗಳನ್ನು ಕೊಟ್ಟು ನಮಗೆ ಟೋಪಿ ಹಾಕಿದ್ದಾರೆಂದು ಅವನ ಅನುಮಾನ. ಮೂರನೆಯ ದಿವಸ ಅವನ ಫೋನು ಬಂತು. ಹೆಣ್ಣು ಬಾತು ಮೂರೂ ಮಾವಿನ ಮರ ಏರಿ ಕುಳಿತಿವೆ! ಇವಕ್ಕೆ ಜಾಲಪಾದದ ಜೊತೆಗೆ ಚೂಪಾದ ಉಗುರುಗಳೂ ಉಂಟು, ಹಾರುವ ಶಕ್ತಿಯೂ ಉಂಟು. ಮರದ ಕೊಂಬೆಯೇ ಇವುಗಳ ಮಂಚ. ನಾವು ಸಾಲ ಮಾಡಿ ಹಾಕಿಸಿದ ನಾಲ್ಕು ಅಡಿಯ ಜಾಲಿ ಬೇಲಿ ಕೋಳಿಗಳಿಗೆ ಮಾತ್ರ ಲಾಯಕ್ಕು. ಒಂದು ರೆಕ್ಕೆಯ ಉದ್ದ ಗರಿಗಳನ್ನಷ್ಟೇ ಕತ್ತರಿಸಬೇಕು. ಎರಡನ್ನೂ ಕತ್ತರಿಸಿದರೆ ತೂಕ ಸಮವಾಗಿ ಮತ್ತೆ ಹಾರಲು ನೋಡುತ್ತವೆ. ಗರಿ ಉದುರಿ ಹೊಸದು ಬಂದಾಗ ಮತ್ತೊಮ್ಮೆ ಕತ್ತರಿ ಹಿಡಿಯಬೇಕು. ಇನ್ನು ಎರಡು ಗಂಡುಗಳು ಒಂದನ್ನೊಂದು ರಕ್ತ ಬರುವಂತೆ ಕಚ್ಚಾಡಿದವು. ಒಂದನ್ನು ಹಾಲು ಹಾಕುವವನಿಗೆ ಕೊಟ್ಟೆವು. ನಾಲ್ಕೈದು ಹೆಣ್ಣಿಗೆ ಒಂದು ಗಂಡು ಸಾಕು.

ಈಗ ಸಂಕೋಚದ ಭಾಗಕ್ಕೆ ಬರುತ್ತೇವೆ.

ಜನವರಿಯಲ್ಲಿ ಕರಿಯ ಹೆಣ್ಣು ಕಟ್ಟಿಗೆಯ ಕೊಟ್ಟಿಗೆಯ ಮೂಲೆಯಲ್ಲಿ ಹನ್ನೊಂದು ತತ್ತಿ ಇಟ್ಟಿತು. ಜನವರಿ 30, ಗುರುವಾರ, ಕಾವಿಗೆ ಕುಳಿತಿತೆಂದು ಮಾಮಾ ತಿಳಿಸಿದ. ನಾವು ಕಾರಕೂನರು. ಕಚೇರಿಯ ಆವಕ-ಜಾವಕ ರಜಿಸ್ಟರಿನಂತೆಯೇ ಒಂದು ವಹಿಗೆ ಗೆರೆ ಹೊಡೆದು ತಾರೀಖು, ತತ್ತಿ, ಮರಿ, ಷರಾ ಎಂದು ಕಾಲಮ್ಮು ಮಾಡಿದೆವು. ಕೋಳಿಗೆ 21 ದಿವಸ, ಬಾತಿಗೆ 28 ದಿವಸ ಎಂದು ಪುಸ್ತಕದಲ್ಲಿ ಓದಿದ್ದೆವು. ಆ ಲೆಕ್ಕಕ್ಕೆ ಫೆಬ್ರವರಿ 27ಕ್ಕೆ ಮರಿಗಳು ಹೊರಗೆ ಬರತಕ್ಕದ್ದು. ಬರಲಿಲ್ಲ.

ಮಾರ್ಚ್ 2, ರವಿವಾರ, ಶ್ರೀಮತಿಯವರನ್ನೂ ಎಂಟು ವರ್ಷದ ಚಿರಂಜೀವಿಯನ್ನೂ ಮರಿ ತೋರಿಸುವೆವೆಂದು ಕರೆದುಕೊಂಡು ಹೋದೆವು. ಬಾತು ಗೂಡಿನಲ್ಲಿ ಕಲ್ಲಿನಂತೆ ಕುಳಿತಿತ್ತು. ಎದೆಯ ಗರಿ ಕಿತ್ತು ತತ್ತಿಗಳಿಗೆ ಹಾಸಿತ್ತು, ತಾನು ಬಡಕಲಾಗಿತ್ತು. ತತ್ತಿ ಕೊಳೆತಿವೆ, ತೆಗೆದುಹಾಕದಿದ್ದರೆ ಹಕ್ಕಿ ಉಪವಾಸ ಬಿದ್ದು ಸಾಯುತ್ತದೆ ಎಂದು ಪಕ್ಕದ ಹೊಲದವರು ಹೇಳಿದರು. ನಮಗೂ ಲೆಕ್ಕ ತಪ್ಪಿದ ಸಿಟ್ಟು. ಶ್ರೀಮತಿಯವರು, "ಏನ್ರೀ, ಅದು ಕಾವಿಗೆ ಕೂತದ. ನಿಮ್ಮ ರಜಿಸ್ಟರ ನೋಡಿಕೋತ ಕೂತಿಲ್ಲ. ಇನ್ನೊಂದು ವಾರ ಬಿಟ್ಟು ನೋಡ್ರಿ" ಎಂದರು. ನಾವು ಕೇಳಲಿಲ್ಲ.

ದಿವಸಕ್ಕೆ ಒಮ್ಮೆ ಅದು ನೀರಿಗೆ ಏಳುತ್ತದೆ. ಎದ್ದಾಗ ತತ್ತಿಗಳನ್ನು ಬುಟ್ಟಿಗೆ ತುಂಬಿ ಬೇಲಿಯಾಚೆ ಒಯ್ದೆವು. ಕೊಳೆತಿದೆಯೋ ನೋಡೋಣವೆಂದು ಒಂದನ್ನು ಕಲ್ಲಿಗೆ ತಾಗಿಸಿ ಒಡೆದೆವು. ವಾಸನೆ ಬರಲಿಲ್ಲ. ಒಳಗೆ ಹಳದಿ ತುಪ್ಪಳ, ಮಡಿಚಿದ ಕಾಲು, ಪುಟ್ಟ ಕೊಕ್ಕು. ಕೊಕ್ಕು ಎರಡು ಸಲ ತೆರೆದು ಮುಚ್ಚಿತು. ನಾವು ಅಂಗೈಯಲ್ಲಿ ಹಿಡಿದುಕೊಂಡೇ ಇದ್ದೆವು. ಏನು ಮಾಡಬೇಕೆಂದು ತಿಳಿಯಲಿಲ್ಲ. ಮಾಡುವುದಕ್ಕೆ ಏನೂ ಇರಲೂ ಇಲ್ಲ. ಶ್ರೀಮತಿಯವರು ಮುಖ ತಿರುಗಿಸಿದರು. ಚಿರಂಜೀವಿ ತಿರುಗಿಸಲಿಲ್ಲ.

ಉಳಿದ ಹತ್ತನ್ನು ಓಡುತ್ತ ತಂದು ಗೂಡಿನಲ್ಲಿಟ್ಟೆವು. ಬಾತು ಬಂದು, ಕೊಕ್ಕಿನಿಂದ ಒಂದೊಂದನ್ನೇ ಹೊರಳಿಸಿ ನೋಡಿ, ಮೇಲೆ ಕುಳಿತಿತು. ನಮ್ಮನ್ನು ನೋಡಿ ಬುಸ್ ಎಂದಿತು.

ಸಂಜೆ ತಾಲೂಕಿನ ಪಶುವೈದ್ಯರಲ್ಲಿಗೆ ಹೋದೆವು. ಅವರು ನಗಲಿಲ್ಲ, ಗದರಲೂ ಇಲ್ಲ. ಕ್ವಾಕ್ ಎನ್ನುವ ಊರ ಬಾತುಗಳೆಲ್ಲ ಮಲ್ಲಾರ್ಡ್ ಎಂಬ ಕಾಡುಬಾತಿನ ಸಂತತಿ. ಅವಕ್ಕೆ 28 ದಿವಸ. ಮಸ್ಕೋವಿಯದು ಬೇರೆಯೇ ಜಾತಿ, ಅದಕ್ಕೆ 35. ಎರಡನ್ನೂ ಕೂಡಿಸಿದರೆ ಹುಟ್ಟುವ ಮರಿ ಹೇಸರಗತ್ತೆಯಂತೆ ಬಂಜೆ, ಅಷ್ಟು ದೂರದ ನೆಂಟಸ್ತಿಕೆ. ತತ್ತಿಯ ಸಂಶಯವಿದ್ದರೆ ಕತ್ತಲೆ ಕೋಣೆಯಲ್ಲಿ ಅದರ ಹಿಂದೆ ಬ್ಯಾಟರಿ ಹಿಡಿದರೆ ಸಾಕು. ಬರಿದಾದ ತತ್ತಿ ಬೆಳ್ಳಗೆ ಹೊಳೆಯುತ್ತದೆ. ಮರಿ ಬೆಳೆದಿದ್ದರೆ ದಪ್ಪ ತುದಿಯ ಗಾಳಿಯ ಜಾಗ ಬಿಟ್ಟು ಮಿಕ್ಕದ್ದೆಲ್ಲ ಕಪ್ಪಗೆ ಕಾಣುತ್ತದೆ. ಬ್ಯಾಟರಿ ನಮ್ಮ ಕೈಚೀಲದಲ್ಲೇ ಇತ್ತು.

ಮಾರ್ಚ್ 6, ಗುರುವಾರ, ಮೂವತ್ತೈದನೆಯ ದಿವಸ, ಮಧ್ಯಾಹ್ನ ಕಚೇರಿಗೆ ಮಾಮಾನ ಫೋನು ಬಂತು. ಅರ್ಧ ದಿವಸದ ಸಿ.ಎಲ್. ಹಾಕಿ ಓಡಿದೆವು. ಮರುದಿನದೊಳಗೆ ಎಂಟು ಮರಿ. ಎರಡು ತತ್ತಿ ಬರಿದಾಗಿದ್ದವು.

ಮರಿಗಳ ಆರೈಕೆಯಲ್ಲಿ ನಾವು ಮತ್ತೆ ಸ್ವಂತ ಬುದ್ಧಿ ಉಪಯೋಗಿಸಲಿಲ್ಲ. ವೈದ್ಯರು ಹೇಳಿದಂತೆ ಮಾಡಿದೆವು. ಕೋಳಿಮರಿಯ ಆಹಾರದಲ್ಲಿ ನಯಾಸಿನ್ ಎಂಬ ಜೀವಸತ್ವ ಬಾತುಮರಿಗೆ ಸಾಲದು, ಕಾಲು ಸೊಟ್ಟಗಾಗುತ್ತದೆ. ಅದಕ್ಕೆ ಯೀಸ್ಟ್ ಬೆರೆಸಬೇಕು. ನೀರಿನ ತಟ್ಟೆ ಆಳವಿರಬಾರದು, ಆದರೆ ಮೂಗು ಮುಳುಗಿಸಿ ತೊಳೆದುಕೊಳ್ಳುವಷ್ಟು ಇರಬೇಕು. ಎಲ್ಲಕ್ಕಿಂತ ಮುಖ್ಯ, ಬೂಷ್ಟು ಹಿಡಿದ ಶೇಂಗಾ ಹಿಂಡಿ ಹತ್ತಿರ ಸುಳಿಯಬಾರದು. 1960ರಲ್ಲಿ ಇಂಗ್ಲೆಂಡಿನಲ್ಲಿ ಇಂಥ ಹಿಂಡಿ ತಿಂದು ಒಂದು ಲಕ್ಷಕ್ಕೂ ಮಿಕ್ಕಿ ಟರ್ಕಿ ಕೋಳಿಗಳು ಸತ್ತವು. ಅಫ್ಲಾಟಾಕ್ಸಿನ್ ಎಂಬ ವಿಷ ಪತ್ತೆಯಾದದ್ದೇ ಆಗ. ಬಾತುಮರಿಗೆ ಅದು ಎಷ್ಟು ಬೇಗ ತಗಲುತ್ತದೆಂದರೆ ವಿಷವನ್ನು ಪರೀಕ್ಷಿಸಲು ವಿಜ್ಞಾನಿಗಳು ಬಾತುಮರಿಗಳನ್ನೇ ಬಳಸುತ್ತಿದ್ದರು. ಮಾಮಾ ಅಕ್ಕರೆಯಿಂದ ತಂದಿಟ್ಟ ಅರ್ಧ ಚೀಲ ಹಿಂಡಿ ಗೊಬ್ಬರದ ಗುಂಡಿಗೆ ಹೋಯಿತು. ಅವನು ಎರಡು ದಿವಸ ಮಾತು ಬಿಟ್ಟ.

ಎಂಟರಲ್ಲಿ ಒಂದನ್ನು ಮುಂಗುಸಿ ಒಯ್ದಿತು, ಏಳು ದೊಡ್ಡವಾದವು. ಈ ಮಳೆಗಾಲದಲ್ಲಿ ಬಸವನಹುಳು ಕಡಿಮೆಯಾದದ್ದು ನಿಜ, ಎಳೆಯ ಪಾಲಕ್ ಸೊಪ್ಪು ಕಡಿಮೆಯಾದದ್ದೂ ನಿಜ. ಬಾತುಗಳಿಗೆ ಎರಡರಲ್ಲಿ ಭೇದವಿಲ್ಲ.

ರಜಿಸ್ಟರು ಈಗ ಚಿರಂಜೀವಿಯ ವಶದಲ್ಲಿದೆ. ಮೊನ್ನೆ ತೆರೆದು ನೋಡಿದೆವು. ಷರಾ ಕಾಲಮ್ಮಿನಲ್ಲಿ ಪೆನ್ಸಿಲಿನಿಂದ ದುಂಡಗೆ ಬರೆದಿದ್ದಾನೆ: "1 ಅಪ್ಪ ಒಡೆದದ್ದು. 1 ಮುಂಗುಸಿ." ಅಳಿಸಿ ಬೇರೆ ಬರೆಯೆಂದು ಹೇಳುವ ಮನಸ್ಸಾಗಲಿಲ್ಲ. ಕೆಳಗೆ ಮೇಲಧಿಕಾರಿಯ ಜಾಗದಲ್ಲಿ ಸಹಿ ಮಾಡಿ ಕೊಟ್ಟೆವು.

ಏಳರಲ್ಲಿ ನಾಲ್ಕು ಗಂಡು, ಮೂರು ಹೆಚ್ಚಾಗಿವೆ. ಸಾಕುವುದಕ್ಕೆ ಮಾತ್ರ ಕೊಡುತ್ತೇವೆ. ಜಾಗವಿದ್ದವರು ಶನಿವಾರ ಸಂಜೆ ಸಂಘದ ವಾಚನಾಲಯದಲ್ಲಿ ನಮ್ಮನ್ನು ಕಾಣಬಹುದು. ಬುಟ್ಟಿಯನ್ನು ತಾವೇ ತರತಕ್ಕದ್ದು, ಮುಚ್ಚಳ ಗಟ್ಟಿಯಾಗಿರಲಿ.