ಗುಳಿಗೆ ಬಿಟ್ಟ ಮೇಲೆ

ಖಿನ್ನತೆಗೆ ಕೊಡುವ ಗುಳಿಗೆಗಳು ಸೇವಿಸುತ್ತಿರುವಷ್ಟು ಕಾಲ ದಾಂಪತ್ಯಸುಖವನ್ನು ಕುಗ್ಗಿಸಬಹುದೆಂಬುದು ವೈದ್ಯರಿಗೆ ಹೊಸ ವಿಷಯವಲ್ಲ. ಆದರೆ ಕೆಲವರಲ್ಲಿ, ಗುಳಿಗೆ ಬಿಟ್ಟ ಮೇಲೂ, ಕಾಮನೆಯು ಮರಳುವುದಿಲ್ಲ, ಸ್ಪರ್ಶಜ್ಞಾನವೇ ಮರಗಟ್ಟಿರುತ್ತದೆ. ಒಂದೆರಡು ವಾರಗಳ ಮಾತಲ್ಲ, ವರ್ಷಗಳ ಮಾತು. ಬಾಯಿಬಿಟ್ಟು ಹೇಳಲು ನಾಚುವ ಸಂಕಟ. ನಾಚಿಕೆ ಬಿಟ್ಟು ಹೇಳಿದವರಿಗೂ ಬಹುಕಾಲ ದೊರೆತ ಉತ್ತರ, ಹಳೆಯ ಖಿನ್ನತೆಯೇ ಮರುಕಳಿಸಿದೆಯೆಂಬುದು. ಕಡೆಗೆ 2019ರಲ್ಲಿ ಯುರೋಪಿನ ಔಷಧ ನಿಯಂತ್ರಣ ಸಂಸ್ಥೆಯು ಈ ಬಗೆಯ ಔಷಧಿಗಳ ಮಾಹಿತಿಪತ್ರದಲ್ಲಿ ಇದರ ಎಚ್ಚರಿಕೆ ಇರಬೇಕೆಂದಿತು. (ಇದನ್ನೋದಿ ಗಾಬರಿಯಿಂದ ಗುಳಿಗೆಯನ್ನು ಥಟ್ಟನೆ ನಿಲ್ಲಿಸುವುದು ಬೇರೆಯೇ ಅಪಾಯ.)

ಕಾರಣವೇನು? ಸೆರೊಟೋನಿನ್ ಮಿದುಳಿನ ಸೊತ್ತು ಮಾತ್ರವಲ್ಲ. ಅದರ ಬಹುಪಾಲು ಹುಟ್ಟುವುದು ಕರುಳಿನಲ್ಲಿ. ರೋಗನಿರೋಧಕ ಕಣಗಳೂ ಅದರ ಸಂಕೇತಕ್ಕೆ ಓಗೊಡುತ್ತವೆ. ಔಷಧಿಯಿಂದ ಕದಡಿದ ಈ ಕಾವಲುಪಡೆಯು ಸ್ವಂತ ದೇಹದ ಸೂಕ್ಷ್ಮ ನರತಂತುಗಳ ಮೇಲೆಯೇ ತಿರುಗಿಬಿದ್ದಿರಬಹುದೆ? ಇದು ಇನ್ನೂ ಊಹೆಯೇ ಸರಿ, ತಳ್ಳಿಹಾಕತಕ್ಕದ್ದಂತೂ ಅಲ್ಲ. ಚರ್ಮದ ಸಣ್ಣ ತುಣುಕೊಂದನ್ನು ಸೂಕ್ಷ್ಮದರ್ಶಕದಲ್ಲಿಟ್ಟು ಆ ತಂತುಗಳನ್ನು ಎಣಿಸಬಹುದಾಗಿದೆ. 2007ರಲ್ಲಿ ಜೋಸೆಪ್ ದಾಲ್ಮೌ ಮತ್ತು ಸಂಗಡಿಗರು, ಬುದ್ಧಿಭ್ರಮಣೆಯಂತೆ ತೋರುವ ವ್ಯಾಧಿಯೊಂದರ ಮೂಲವು ಮಿದುಳಿನ ಗ್ರಾಹಕಗಳಿಗೆ ಅಂಟುವ ಪ್ರತಿಕಾಯಗಳೆಂದು ತೋರಿಸಿದರು. ಅವುಗಳನ್ನು ಅಡಗಿಸಿದಾಗ ಬಹುಮಂದಿ ಚೇತರಿಸಿಕೊಂಡರು. ಪ್ರಸ್ತುತ ವ್ಯಾಧಿಯಲ್ಲಿ ಅಂಥ ಪ್ರತಿಕಾಯವಾವುದೂ ಇನ್ನೂ ಖಚಿತವಾಗಿಲ್ಲ.