ಮಕ್ಕಳ ಕೈಗೆ ಪಾನಾ ಕೊಡಿ

‘ವೀಕೆಂಡಿನಲ್ಲಿ ಮಕ್ಕಳ ಜೊತೆ ಕೂತು ಏನಾದರೂ ಕ್ರಾಫ್ಟ್ ಮಾಡಿ’ ಎಂದು ಉಪದೇಶ ಮಾಡುವವರಿಗೆ ನಮ್ಮ ವಾರದ ಲೆಕ್ಕ ಗೊತ್ತಿದ್ದಂತಿಲ್ಲ. ನಾನು ಧಾರವಾಡದ ಬ್ಯಾಂಕೊಂದರ ಕ್ಯಾಶ್ ಕೌಂಟರಿನಲ್ಲಿ ಕೂರುವವಳು. ನಮಗೆ ರಜೆ ಇರುವುದು ಎರಡನೇ ಮತ್ತು ನಾಲ್ಕನೇ ಶನಿವಾರ ಮಾತ್ರ; ಅದೂ 2015ರ ಸೆಪ್ಟೆಂಬರಿನಿಂದ ಈಚೆಗೆ ಬಂದ ಭಾಗ್ಯ. ಮಕ್ಕಳಿಗೆ ಶನಿವಾರ ಬೆಳಗಿನ ಶಾಲೆ. ಯಜಮಾನರು ಔಷಧ ಕಂಪನಿಯ ಚೀಲ ಹೊತ್ತು ವಾರವಿಡೀ ಬೆಳಗಾವಿ, ಗದಗ, ಹಾವೇರಿ ಎಂದು ಸುತ್ತುವವರು. ಎಲ್ಲರೂ ಒಂದೇ ಸೂರಿನಡಿ ಸಿಗುವುದು ರವಿವಾರ. ಆ ರವಿವಾರಕ್ಕೆ ಎಣ್ಣೆಸ್ನಾನ, ವಾರದ ಬಟ್ಟೆ, ಸಂತೆ, ಯಾರದೋ ಮನೆಯ ತೊಟ್ಟಿಲ ಕಾರ್ಯಕ್ರಮ. ಅಂದೇ ನಳ ಬಂದರಂತೂ ಮುಗಿಯಿತು, ಇದ್ದಬದ್ದ ಕೊಡಗಳೆಲ್ಲ ಅಂಗಳಕ್ಕೆ. ಇಷ್ಟರ ನಡುವೆ ಬಣ್ಣದ ಕಾಗದ, ಗ್ಲಿಟರ್, ಗಮ್ ಹರಡಿಕೊಂಡು ಕೂರಿ ಎಂದರೆ ನನಗೆ ಸಿಟ್ಟೇ ಬರುತ್ತದೆ.

ಮಕ್ಕಳ ಕೈ ಮೊಬೈಲಿನ ಗಾಜು ಸವರುವುದನ್ನಷ್ಟೇ ಕಲಿತರೆ ಸಾಲದು, ಅದನ್ನು ಒಪ್ಪುತ್ತೇನೆ. ನನ್ನ ತಕರಾರು ಇಷ್ಟು: ಪುರುಸೊತ್ತಿಲ್ಲದವರಿಗೆ ಹೊಸದೊಂದು ಕೆಲಸ ಹಚ್ಚಬೇಡಿ. ಪ್ರತಿ ಮನೆಯಲ್ಲೂ ಬಾಕಿ ಬಿದ್ದ ಕೆಲಸ ಇದ್ದೇ ಇರುತ್ತದೆ. ಸೋರುವ ನಳ, ಕುಂಟುವ ಸ್ಟೂಲು, ಗಾಳಿ ಹೋದ ಸೈಕಲ್, ಹಿಡಿಕೆ ಸಡಿಲಾದ ಕುಕ್ಕರ್, ಕೊಡಲೂ ಆಗದ ಬಿಸಾಡಲೂ ಆಗದ ಹಳೇ ಸೀರೆಗಳು. ಅವುಗಳಲ್ಲಿ ಒಂದನ್ನು ಎತ್ತಿಕೊಂಡು ಮಕ್ಕಳಿಗೆ ಪಾಲು ಕೊಡಿ. ಆಟಿಕೆಯ ಪ್ಲಾಸ್ಟಿಕ್ ಪಾನಾ ಕೊಟ್ಟು ಸಮಾಧಾನ ಮಾಡಬೇಡಿ, ಕಬ್ಬಿಣದ್ದನ್ನೇ ಕೊಡಿ.

ಆನ್‌ಲೈನಿನಲ್ಲಿ ತರಿಸುವ ಕ್ರಾಫ್ಟ್ ಡಬ್ಬಿಗಳ ಬಗ್ಗೆ ನನಗೆ ಒಳ್ಳೆಯ ಅಭಿಪ್ರಾಯವಿಲ್ಲ. ಅದರಲ್ಲಿ ಎಲ್ಲವನ್ನೂ ಮೊದಲೇ ಕತ್ತರಿಸಿ, ತೂತು ಹಾಕಿ, ಎಣಿಸಿ ಇಟ್ಟಿರುತ್ತಾರೆ. ಯೋಚಿಸುವ ಕೆಲಸವೆಲ್ಲ ಕಾರ್ಖಾನೆಯಲ್ಲೇ ಮುಗಿದು, ಮಗುವಿಗೆ ಉಳಿಯುವುದು ಅಂಟಿಸುವುದೊಂದೇ. ಅಂಟಿಸಿದ್ದು ಡಬ್ಬಿಯ ಮೇಲಿನ ಚಿತ್ರದಂತೆ ಬರಲಿಲ್ಲವೆಂದು ಅಳು ಬೇರೆ. ಶಾಲೆಯ ಪ್ರಾಜೆಕ್ಟ್ ಇದಕ್ಕಿಂತ ಕೆಟ್ಟದ್ದು. ಸಂಜೆ ಏಳಕ್ಕೆ ಡೈರಿಯಲ್ಲಿ ‘ನಾಳೆ ಜ್ವಾಲಾಮುಖಿಯ ಮಾಡೆಲ್ ತರಬೇಕು’ ಎಂದು ಕಾಣುತ್ತದೆ. ಶಾಲೆಯ ಎದುರಿನ ಸ್ಟೇಷನರಿ ಅಂಗಡಿಯಲ್ಲಿ ಅದು ಸಿದ್ಧವಾಗಿಯೇ ಸಿಗುತ್ತದೆ. ಕೊಂಡವರು ಮಲಗುತ್ತಾರೆ, ಕೊಳ್ಳದವರು ಹನ್ನೊಂದರ ತನಕ ಥರ್ಮೋಕೋಲ್ ಕೊರೆಯುತ್ತಾರೆ. ಎರಡೂ ಮನೆಯಲ್ಲಿ ಮಗು ಮಾತ್ರ ಒಂಬತ್ತಕ್ಕೇ ನಿದ್ದೆ ಹೋಗಿರುತ್ತದೆ. ಅಲಂಕಾರದ ಥರ್ಮೋಕೋಲ್‌ಗೆ 2022ರ ಜುಲೈ 1ರಿಂದ ಇಡೀ ದೇಶದಲ್ಲಿ ನಿಷೇಧವಿದೆ. ಪರಿಸರ ಉಳಿಸಿ ಎಂಬ ಪ್ರಾಜೆಕ್ಟನ್ನೂ ಅದರಲ್ಲೇ ಮಾಡಿ ತರುವ ಮಕ್ಕಳನ್ನು ನಾನು ನೋಡಿದ್ದೇನೆ.

ನಳದಿಂದ ಶುರು ಮಾಡಿ ಎನ್ನುತ್ತೇನೆ. ಹುಬ್ಬಳ್ಳಿ-ಧಾರವಾಡದ ಬಹಳಷ್ಟು ಓಣಿಗಳಲ್ಲಿ ನೀರು ದಿನಾ ಬರುವುದಿಲ್ಲ. ಮಲಪ್ರಭೆಯಿಂದ ಅಷ್ಟು ದೂರ ಬಂದ ನೀರು ತಾರಸಿಯ ಟಾಕಿ ಸೇರಿ, ಆಮೇಲೆ ಹನಿಹನಿಯಾಗಿ ಬಚ್ಚಲಿಗೆ ಹೋಗುತ್ತದೆ. ರಿಪೇರಿಗೆ ಮುಂಚೆ ಮಗು ಅಳೆಯಲಿ. ನಳದ ಕೆಳಗೆ ಲೋಟ ಇಟ್ಟು ಒಂದು ತಾಸು ಬಿಡಲಿ. ಸೆಕೆಂಡಿಗೊಂದು ಹನಿ ಎಂದರೆ ತಾಸಿಗೆ 3,600 ಹನಿ. ಸುಮಾರು 20 ಹನಿಗೆ ಒಂದು ಮಿಲಿಲೀಟರ್ ಹಿಡಿದರೆ ತಾಸಿಗೆ 180 ಮಿಲಿಲೀಟರ್, ದಿನಕ್ಕೆ ನಾಲ್ಕು ಲೀಟರಿಗೂ ಮಿಗಿಲು. ಆರನೇ ಇಯತ್ತೆಯ ನನ್ನ ಮಗಳು ಇದನ್ನು ಏಳರಿಂದ ಗುಣಿಸಿ, ‘ಮಮ್ಮಿ, ವಾರಕ್ಕ ಮೂವತ್ತು ಲೀಟರ್ ಬಚ್ಚಲಕ್ಕ ಹೋಗಾಕತ್ತೇತಿ!’ ಎಂದು ಓಣಿಗೆಲ್ಲ ಕೇಳುವಂತೆ ಕೂಗಿದಳು. ಗಣಿತದ ಪುಸ್ತಕದಲ್ಲಿ ಇಂಥದೇ ಲೆಕ್ಕ ಬಂದಾಗ ಅವಳು ಕೂಗಿದ್ದನ್ನು ನಾನು ಕೇಳಿಲ್ಲ.

ಕೆಲಸ ಕಷ್ಟದ್ದೇನಲ್ಲ. ಟಾಕಿಯ ಕೆಳಗಿನ ಗೇಟ್ ವಾಲ್ವ್ ಮುಚ್ಚಿ, ನಳ ತೆರೆದು ಪೈಪಿನಲ್ಲಿ ಉಳಿದ ನೀರು ಹರಿದುಹೋಗಲು ಬಿಡಬೇಕು. ಪಾನಾ ಹಚ್ಚಿ ನಳದ ತಲೆ ಬಿಚ್ಚಿದರೆ ಸ್ಪಿಂಡಲ್ ಹೊರಗೆ ಬರುತ್ತದೆ. ಅದರ ತುದಿಯಲ್ಲಿ ರಬ್ಬರಿನ ಪುಟ್ಟ ವಾಷರ್. ವರ್ಷಗಟ್ಟಲೆ ಒತ್ತಿ ಒತ್ತಿ ಅದರ ಮೇಲೆ ದುಂಡಗೆ ಗೆರೆ ಬಿದ್ದಿರುತ್ತದೆ. ನೀರು ನುಸುಳುವುದು ಅಲ್ಲಿಂದಲೇ. ಹಳೆಯದನ್ನು ಕೈಯಲ್ಲಿ ಹಿಡಿದುಕೊಂಡೇ ಹಾರ್ಡ್‌ವೇರ್ ಅಂಗಡಿಗೆ ಹೋಗಿ, ಕೆಲವೇ ರೂಪಾಯಿಗೆ ಹೊಸದು ಸಿಗುತ್ತದೆ. ಅಂಗಡಿಯವನ ಹತ್ತಿರ ಮಗುವೇ ಕೇಳಲಿ. ಇದು ಸುತ್ತು ತಿರುಗಿಸುವ ಹಳೇ ನಮೂನೆಯ ನಳದ ಮಾತು. ಅರ್ಧ ತಿರುವಿಗೂ ಮುಂಚೆ ನಿಲ್ಲುವ ಹೊಸ ನಳಗಳಲ್ಲಿ ವಾಷರಿನ ಬದಲು ಸೆರಾಮಿಕ್ ಬಿಲ್ಲೆಗಳ ಕಾರ್ಟ್ರಿಜ್ ಇರುತ್ತದೆ, ಅದನ್ನು ಇಡಿಯಾಗಿ ಬದಲಿಸಬೇಕು. ‘ಪ್ಲಂಬರ್ ಇದ್ದಾನಲ್ಲ’ ಎನ್ನುವವರಿಗೊಂದು ಮಾತು: ಬರೀ ವಾಷರ್ ಹಾಕಲು ಕರೆದು ನೋಡಿ. ಮೊದಲು ಬರುವುದಿಲ್ಲ, ಬಂದರೆ ನಳವನ್ನೇ ಬದಲಿಸೋಣ ಎನ್ನುತ್ತಾನೆ. ಅವನ ತಪ್ಪೂ ಅಲ್ಲ, ಅಷ್ಟು ಸಣ್ಣ ಕೆಲಸಕ್ಕೆ ಗಾಡಿ ಹತ್ತಿ ಬಂದರೆ ಪೆಟ್ರೋಲಿಗೂ ಸಾಲದು.

ಸೈಕಲ್ಲಿನ ಪಂಕ್ಚರಿಗೂ ಮನೆಯಲ್ಲೇ ಮದ್ದಿದೆ. ನಮ್ಮ ಕಡೆ ಅದಕ್ಕೆ ಕಾರಣ ಬಹುತೇಕ ಜಾಲಿಮುಳ್ಳು. ಟ್ಯೂಬಿಗೆ ಗಾಳಿ ತುಂಬಿ ಬಕೆಟ್ ನೀರಿನಲ್ಲಿ ಮುಳುಗಿಸಿದರೆ ಗುಳ್ಳೆ ಏಳುತ್ತದೆ. ಆ ಜಾಗ ಒರೆಸಿ, ಉಪ್ಪುಕಾಗದದಿಂದ ಉಜ್ಜಿ, ಸಲ್ಯೂಷನ್ ಸವರಿ, ಬೆರಳಿಗೆ ಹಸಿ ಹತ್ತದಷ್ಟು ಆರುವ ತನಕ ಕಾಯಬೇಕು. ಎರಡನೇ ಇಯತ್ತೆಯ ಮಗನಿಗೆ ಈ ಕಾಯುವುದೇ ದೊಡ್ಡ ಶಿಕ್ಷೆ. ಪ್ಯಾಚ್ ಒತ್ತಿದ ಮೇಲೆ ಟೈರಿನ ಒಳಗೆ ಬೆರಳಾಡಿಸಿ ಮುಳ್ಳು ಹುಡುಕದಿದ್ದರೆ ಓಣಿಯ ತುದಿ ಮುಟ್ಟುವಷ್ಟರಲ್ಲಿ ಮತ್ತೆ ಗಾಳಿ ಹೋಗುತ್ತದೆ. ಬೆರಳಾಡಿಸುವ ಕೆಲಸ ದೊಡ್ಡವರದು, ಬಟ್ಟೆ ಸುತ್ತಿಕೊಂಡು ಮಾಡಿ.

ಅದೇ ಸೈಕಲ್ ಅಂಗಡಿಯಿಂದ ಒಂದು ಮೊಳ ವಾಲ್ವ್ ಟ್ಯೂಬ್ ತಂದಿಟ್ಟುಕೊಳ್ಳಿ. ಐಐಟಿ ಕಾನ್ಪುರದಲ್ಲಿ ಓದಿದ ಎಂಜಿನಿಯರ್ ಅರವಿಂದ ಗುಪ್ತಾ 1978ರಲ್ಲಿ ಮಧ್ಯಪ್ರದೇಶದ ಹೋಶಂಗಾಬಾದ್ ಕಡೆಯ ಹಳ್ಳಿ ಶಾಲೆಗಳ ವಿಜ್ಞಾನ ಕಾರ್ಯಕ್ರಮಕ್ಕೆ ಹೋದಾಗ ಈ ಟ್ಯೂಬಿನ ತುಂಡುಗಳನ್ನೂ ಬೆಂಕಿಕಡ್ಡಿಗಳನ್ನೂ ಸೇರಿಸಿ ಆಕೃತಿಗಳನ್ನು ಕಟ್ಟಿದರು. 2018ರಲ್ಲಿ ಅವರಿಗೆ ಪದ್ಮಶ್ರೀ ಬಂತು. ನಾಲ್ಕು ಕಡ್ಡಿಯ ಚೌಕ ಕಟ್ಟಿ ಒತ್ತಿದರೆ ಅದು ವಾಲುತ್ತದೆ. ಮೂರು ಕಡ್ಡಿಯ ತ್ರಿಕೋನ ಎಷ್ಟು ಒತ್ತಿದರೂ ಆಕಾರ ಬಿಡುವುದಿಲ್ಲ. ಇಷ್ಟು ಕಂಡುಕೊಂಡ ಮಗುವನ್ನು ಕುಂಟುವ ಸ್ಟೂಲಿನ ಮುಂದೆ ಕೂರಿಸಿ, ಇದು ಯಾಕೆ ಅಲ್ಲಾಡುತ್ತದೆ ಎಂದು ಕೇಳಿ. ಎರಡು ಕಾಲುಗಳ ನಡುವೆ ಓರೆಯಾಗಿ ಒಂದು ಪಟ್ಟಿ ಬಡಿದರೆ ಚೌಕ ಒಡೆದು ತ್ರಿಕೋನಗಳಾಗುತ್ತವೆ, ಸ್ಟೂಲು ಗಟ್ಟಿ ನಿಲ್ಲುತ್ತದೆ. ನಮ್ಮ ಅಡುಗೆಮನೆಯ ಸ್ಟೂಲಿಗೆ ಬಡಿದ ಪಟ್ಟಿ ಸೊಟ್ಟಗಿದೆ, ಒಂದು ಮೊಳೆ ಬಾಗಿದೆ. ನಾನು ಅದರ ಮೇಲೆ ಹತ್ತಿಯೇ ಅಟ್ಟದ ಡಬ್ಬಿ ಇಳಿಸುತ್ತೇನೆ.

ಒಂದೇ ತಾಸಿನಲ್ಲಿ ಮುಗಿಯುವ ಕೆಲಸವೇ ಪುರುಸೊತ್ತಿಲ್ಲದವರಿಗೆ ಸರಿ ಎಂದು ಎಲ್ಲರೂ ನಂಬಿದಂತಿದೆ. ನನ್ನ ಅನುಭವ ಉಲ್ಟಾ. ಮುಗಿಸಲೇಬೇಕೆಂದು ಕೂತಾಗಲೇ ಮಕ್ಕಳ ಕೈಯಿಂದ ಕಿತ್ತುಕೊಂಡು ನಾವೇ ಮಾಡಿಬಿಡುವುದು. ಯಾವಾಗ ಬೇಕಾದರೂ ಎತ್ತಿಕೊಂಡು ಯಾವಾಗ ಬೇಕಾದರೂ ಮಡಚಿಡುವಂಥ ಕೆಲಸ ಬೇಕು. ಕೌದಿ ಅಂಥದ್ದು. ಹಳೇ ನೂಲಿನ ಸೀರೆಗಳನ್ನು ಪದರ ಪದರವಾಗಿ ಸುಕ್ಕಿಲ್ಲದಂತೆ ಹಾಸಿ, ಮೇಲೆ ತುಂಡು ಬಟ್ಟೆಗಳನ್ನು ಜೋಡಿಸಿ, ಅಂಚಿನಿಂದ ಶುರು ಮಾಡಿ ಸುತ್ತುತ್ತ ಸುತ್ತುತ್ತ ನಡುವಿಗೆ ಬರಬೇಕು. ಹಳಿಯಾಳ, ಯಲ್ಲಾಪುರ, ಮುಂಡಗೋಡ ಕಡೆಯ ಸಿದ್ಧಿ ಹೆಣ್ಣುಮಕ್ಕಳು ಹೀಗೇ ಹೊಲಿದು, ಕೊನೆಗೆ ನಾಲ್ಕು ಮೂಲೆಗೂ ಮಡಚಿದ ಬಟ್ಟೆಯ ‘ಫುಲಾ’ ಇಡುತ್ತಾರೆ. ಅದಿಲ್ಲದ ಕೌದಿ ಅವರ ಕಣ್ಣಿಗೆ ಬರಿಮೈ. ನೀವು ಹಾಸಿಗೆಯಷ್ಟು ದೊಡ್ಡದಕ್ಕೆ ಕೈಹಾಕಬೇಡಿ, ಕೂರುವ ಮಣೆಯಷ್ಟು ಸಾಕು. ರವಿವಾರಕ್ಕೊಂದು ಸಾಲು ಹೊಲಿದರೂ ದೀಪಾವಳಿಗೆ ಒಂದು ರೂಪ ಬರುತ್ತದೆ. ಹೊಲಿಗೆ ಉದ್ದಗಿಡ್ಡ ಆದರೆ ಆಗಲಿ, ಮೇಲೆ ಕೂರುವವರಿಗೆ ಏನೂ ಚುಚ್ಚುವುದಿಲ್ಲ.

ನಮ್ಮ ಮನೆಯಲ್ಲಿ ಸೂಜಿ ಹಿಡಿದವನು ಮಗ. ಅತ್ತೆಯವರಿಗೆ ಅದು ಸರಿ ಕಾಣಲಿಲ್ಲ. ‘ಗಂಡು ಹುಡುಗಗ ಸೂಜಿ ಯಾಕ ಕೊಡ್ತೀಯವಾ, ಅಕ್ಕಗ ಕೊಡು’ ಎಂದರು. ಅಕ್ಕ ಆಗ ಕುಕ್ಕರಿನ ಹಿಡಿಕೆಗೆ ಸ್ಕ್ರೂಡ್ರೈವರ್ ಹಚ್ಚಿ ಕೂತಿದ್ದಳು. ವಾದ ಮಾಡಲು ನನಗೂ ಪುರುಸೊತ್ತಿರಲಿಲ್ಲ. ಈಗ ಅವನ ದಾರ ಗಂಟಾದಾಗ ಬಿಡಿಸಿಕೊಡುವವರು ಅತ್ತೆಯವರೇ. ಕಣ್ಣು ಮಂಜಾಗಿದ್ದರೂ ಅವರ ಬೆರಳಿಗೆ ಗಂಟು ಸಿಗುತ್ತದೆ.

ಯಜಮಾನರ ಹಳೇ ಪ್ಯಾಂಟಿನ ಕಾಲು ಕತ್ತರಿಸಿ, ಅಡಿ ಹೊಲಿದು, ಪಟ್ಟಿ ಹಚ್ಚಿದರೆ ಸಂತೆಯ ಚೀಲ ಆಯಿತು. ಇದಕ್ಕೆ ಹೆಚ್ಚು ವಿವರಣೆ ಬೇಕಿಲ್ಲ. ಕರೆಂಟಿನ ಕೆಲಸ ಮಾತ್ರ ಮಕ್ಕಳಿಗೆ ಬೇಡವೇ ಬೇಡ, ಅದಕ್ಕೆ ವೈರ್‌ಮನ್ ಬರಲಿ.

ಒಂದು ಮುಜುಗರದ ಮಾತನ್ನೂ ಹೇಳಬೇಕು. ಮಧ್ಯಮ ವರ್ಗದ ಮಕ್ಕಳಿಗೆ ಸುತ್ತಿಗೆ ಹಿಡಿಯಲು ಬಾರದಿರುವುದಕ್ಕೆ ಸಮಯದ ಅಭಾವವೊಂದೇ ಕಾರಣವಲ್ಲ. ಮರದ ಕೆಲಸ ಒಬ್ಬರದು, ಮಣ್ಣಿನ ಕೆಲಸ ಇನ್ನೊಬ್ಬರದು, ಚರ್ಮದ್ದು ಮತ್ತೊಬ್ಬರದು ಎಂದು ಜಾತಿಗೊಂದು ಕಸುಬು ಹಂಚಿ, ಉಳಿದವರು ಪುಸ್ತಕ ಹಿಡಿದು ಕೂತ ನಾಡು ನಮ್ಮದು. ‘ಓದದಿದ್ದರೆ ಗ್ಯಾರೇಜಿಗೆ ಕಳಿಸ್ತೀನಿ’ ಎಂದು ಹೆದರಿಸುವ ನಾವೇ ವಾರದ ಕೊನೆಗೆ ಅದೇ ಮಗುವಿಗೆ ‘ಕೈಯಿಂದ ಏನಾದರೂ ಮಾಡು’ ಎನ್ನುತ್ತೇವೆ. 1937ರ ಅಕ್ಟೋಬರಿನಲ್ಲಿ ವಾರ್ಧಾದ ಸಮ್ಮೇಳನದಲ್ಲಿ ಗಾಂಧೀಜಿ ಮುಂದಿಟ್ಟಿದ್ದು ಕಸುಬಿನ ಮೂಲಕವೇ ಪಾಠ ಎಂಬ ವಿಚಾರ. ಜಾಕಿರ್ ಹುಸೇನರ ಸಮಿತಿ ಅದಕ್ಕೆ ಪಠ್ಯಕ್ರಮವನ್ನೂ ರೂಪಿಸಿತು. ಮುಂದೆ ಅದು ಸವೆದು ಸವೆದು ವಾರಕ್ಕೊಂದು ಪಿರಿಯಡ್ ಆಯಿತು, ಆ ಪಿರಿಯಡ್ಡನ್ನೂ ಪರೀಕ್ಷೆ ಹತ್ತಿರ ಬಂದಾಗ ಗಣಿತದವರು ತೆಗೆದುಕೊಂಡರು. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಆರರಿಂದ ಎಂಟನೇ ತರಗತಿಯವರಿಗೆ ಚೀಲವಿಲ್ಲದ 10 ದಿನ ಇಟ್ಟು, ಬಡಗಿ, ಕುಂಬಾರ, ತೋಟಗಾರರ ಹತ್ತಿರ ಮಕ್ಕಳು ಕಲಿಯಲಿ ಎನ್ನುತ್ತದೆ. ನೀತಿಯ ಉಳಿದ ಭಾಗದ ಬಗ್ಗೆ ಜಗಳವಾಡುವವರು ಆಡಲಿ, ಈ 10 ದಿನಗಳನ್ನಾದರೂ ನಿಜಕ್ಕೂ ಅಲ್ಲೇ ಕಳೆಯುವಂತಾಗಲಿ. ಶಾಲೆಗಳಿಗೆ ನನ್ನದೊಂದು ಬೇಡಿಕೆಯೂ ಇದೆ: ಜ್ವಾಲಾಮುಖಿ ಸಾಕು. ‘ಮನೆಯಲ್ಲಿ ಕೆಟ್ಟ ಒಂದು ವಸ್ತುವನ್ನು ದೊಡ್ಡವರ ಜೊತೆ ಸೇರಿ ಸರಿಪಡಿಸಿ, ಹೇಗೆ ಮಾಡಿದಿರಿ ಎಂದು ಅರ್ಧ ಪುಟ ಬರೆದು ತನ್ನಿ’ ಎಂದು ಡೈರಿಯಲ್ಲಿ ಬರೆಯಿರಿ. ಗಡುವು ಮಾತ್ರ ಹದಿನೈದು ದಿನ ಇರಲಿ.

ಕಲೆಯೇ ಬೇಕು, ಚೆಂದದ್ದೇ ಬೇಕು ಎನ್ನುವವರು ಉತ್ತರ ಕರ್ನಾಟಕದ ಪಂಚಾಂಗ ನೋಡಿದರೆ ಸಾಕು. ಮುಂಗಾರಿನಿಂದ ಭಾದ್ರಪದದ ತನಕ ಮಣ್ಣೆತ್ತು, ಗುಳ್ಳವ್ವ, ನಾಗಪ್ಪ, ಗಣಪತಿ, ಜೋಕುಮಾರ ಎಂದು ಐದು ಮಣ್ಣಿನ ಪೂಜೆಗಳು ಸಾಲಾಗಿ ಬರುತ್ತವೆ. ಮೊದಲನೆಯದು ಮಣ್ಣೆತ್ತಿನ ಅಮಾವಾಸ್ಯೆ, ಶಾಲೆ ಶುರುವಾಗಿ ಪಾಠ ಇನ್ನೂ ಬಿಗಿಯಾಗದ ಜೂನ್ ತಿಂಗಳಿನ ಆಸುಪಾಸಿನಲ್ಲಿ. ಈಗ ಎತ್ತುಗಳೂ ಪೇಟೆಯಲ್ಲೇ ಸಿಗುತ್ತವೆ, ಕೆಲವು ಪಿಒಪಿಯವು. ಅಮಾವಾಸ್ಯೆಯ ಹಿಂದಿನ ರವಿವಾರ ಮಕ್ಕಳನ್ನು ಅಂಗಳದಲ್ಲಿ ಮಣ್ಣಿಗೆ ಬಿಡಿ. ಹೊಲದ ಎರೆಮಣ್ಣನ್ನು ಹಾಗೆಯೇ ಕಲಸಿದರೆ ಒಣಗುವಾಗ ಕುಗ್ಗಿ ಬಿರಿಯುತ್ತದೆ, ಹುತ್ತದ ಮಣ್ಣು ಅಥವಾ ಕುಂಬಾರರು ಹದ ಮಾಡಿದ ಮಣ್ಣು ಲೇಸು. ಕಾಲಿಗೆ ಒಳಗೊಂದು ಕಡ್ಡಿ ಕೊಡಿ, ಇಲ್ಲದಿದ್ದರೆ ಎತ್ತು ಸಂಜೆಯೊಳಗೆ ಮಲಗುತ್ತದೆ. ಕಣ್ಣಿಗೆ ಗುಲಗಂಜಿ ಇಡುವುದು ರೂಢಿ. ಆದರೆ ಅದರ ಬೀಜ ವಿಷ, ಸಣ್ಣ ಮಕ್ಕಳಿರುವ ಮನೆಯಲ್ಲಿ ಜೋಳದ ಕಾಳೇ ಇರಲಿ. ಎತ್ತುಗಳ ಮುಂದೆ ಮೇವಿನ ಗ್ವಾದಲಿ ಮಾಡುವುದನ್ನು ಕಿರಿಯರಿಗೆ ಬಿಡಿ, ಅದು ಹೇಗಾದರೂ ಗ್ವಾದಲಿಯಂತೆಯೇ ಕಾಣುತ್ತದೆ. ಮಣ್ಣು ತರಲು ಕುಂಬಾರ ಓಣಿಗೆ ಹೋದಾಗ ‘ಮಣ್ಣೇ ತಾನೆ’ ಎಂದು ಚೌಕಾಸಿಗೆ ಇಳಿಯಬೇಡಿ. ಕೆರೆಯಿಂದ ತಂದು, ಕಲ್ಲು ಆರಿಸಿ, ತುಳಿದು ಹದ ಮಾಡಿದ ಮಣ್ಣು ಅದು. ಅವರು ಕೇಳಿದಷ್ಟು ಕೊಟ್ಟು ತನ್ನಿ.