ವಾಚು ಆಸ್ತಿಯಲ್ಲ
ದುಬಾರಿ ವಾಚು ಕೊಂಡರೆ ಚಿನ್ನ ಕೊಂಡ ಹಾಗೆ ಎಂಬ ಮಾತು ಈಗ ಎಲ್ಲೆಡೆ ಕೇಳಿಬರುತ್ತಿದೆ. ಅದು ನಿಜವಾಗುವುದು ರೋಲೆಕ್ಸ್ ಡೇಟೋನಾ, ಪಟೆಕ್ ಫಿಲಿಪ್ ನಾಟಿಲಸ್‌ನಂಥ ಬೆರಳೆಣಿಕೆಯ ಮಾದರಿಗಳಿಗಷ್ಟೆ. ನಟ ಪಾಲ್ ನ್ಯೂಮನ್ ಕಟ್ಟುತ್ತಿದ್ದ ಡೇಟೋನಾ 2017ರಲ್ಲಿ ನ್ಯೂಯಾರ್ಕ್ ಹರಾಜಿನಲ್ಲಿ 1.77 ಕೋಟಿ ಡಾಲರಿಗೆ ಹೋಯಿತು, ಸರಿ. ಆದರೆ ಕಾರು ಹುಷಾರಾಗಿ ಓಡಿಸು ಎಂದು ಹೆಂಡತಿ ಜೋನ್ ವುಡ್‌ವರ್ಡ್ ಅದರ ಬೆನ್ನಿಗೆ ಕೆತ್ತಿಸಿದ್ದರು. ಅಂಥ ಕಥೆ ನಮ್ಮ ವಾಚಿಗೆಲ್ಲಿಂದ ಬರಬೇಕು? ಉಳಿದ ಬಹುಪಾಲು ವಾಚುಗಳು ಅಂಗಡಿಯ ಮೆಟ್ಟಿಲಿಳಿಯುತ್ತಲೇ ಬೆಲೆ ಕಳೆದುಕೊಳ್ಳುತ್ತವೆ. ಏರಿದ್ದೂ ನಿಲ್ಲುವುದಿಲ್ಲ: 2022ರ ಆರಂಭದಲ್ಲಿ ಗಗನಕ್ಕೇರಿದ್ದ ನಾಟಿಲಸ್ 5711ರ ಮರುಮಾರಾಟದ ದರ ಆ ವರ್ಷವೇ ಜರ್ರನೆ ಇಳಿಯಿತು. ಮಾರಲು ಹೋದರೆ ಡೀಲರು ಮೊದಲು ಕೇಳುವುದು ಡಬ್ಬಿ, ವಾರಂಟಿ ಕಾರ್ಡು. ಆಮೇಲೆ ಭೂತಗನ್ನಡಿ ಹಿಡಿದು ಕೇಸಿನ ಅಂಚು ನೋಡುತ್ತಾರೆ. ಹೊಸದರಂತೆ ಹೊಳೆಯಲಿ ಎಂದು ಪಾಲಿಶ್ ಮಾಡಿಸಿದ್ದರೆ ಅಂಚು ಸವೆದು ದುಂಡಗಾಗಿರುತ್ತದೆ, ಬೆಲೆ ಅಲ್ಲೇ ಬೀಳುತ್ತದೆ. ಗೀರುಗಳನ್ನು ಹಾಗೇ ಬಿಟ್ಟವರಿಗೇ ಹೆಚ್ಚು ಸಿಗುವುದು. ಸರ್ವಿಸಿನ ಖರ್ಚು ಬೇರೆ. ಮಕ್ಕಳ ಓದಿಗೆ ಕೂಡಿಟ್ಟ ಹಣವನ್ನು ದಯವಿಟ್ಟು ಇದರ ಮೇಲೆ ಹಾಕಬೇಡಿ. ಕಟ್ಟಿಕೊಳ್ಳುವ ಆಸೆಯೇ ಇದ್ದರೆ ಸೆಕೆಂಡ್ ಹ್ಯಾಂಡ್ ಕೊಳ್ಳಿ, ಕಾರ್ಡಿನ ಸೀರಿಯಲ್ ನಂಬರೂ ವಾಚಿನ ಮೇಲಿನದೂ ಒಂದೇ ಇದೆಯೇ ಎಂದು ಅಂಗಡಿಯಲ್ಲೇ ನೋಡಿಕೊಳ್ಳಿ.